ಮೊದಲನೇ ಪ್ಲೇಟು ಹುಡುಕಿದ ಅಂಜನಮೂರ್ತಿ

"ಹಳೇ ಪ್ಲೇಟು ಹುಡ್ಕೋದ್ರಲ್ಲಿ ಏನ್ ಸುಖ ಐತೆ ಅಂತ ಕೇಳಿದ್ರಲ್ಲ ಮಾಲಕ್ಷ್ಮಕ್ಕ, ಹೇಳ್ತೀನಿ ಕೇಳಿ. ಒಂದ್ ಮನೆಗೆ ಮಿಕ್ಸಿ ರಿಪೇರಿಗೆ ಹೋಗಿರ್ತೀನಿ. ಸ್ಕ್ರೂ ಬಿಚ್ತಾ ಬಿಚ್ತಾ, 'ನಿಮ್ ಅಟ್ಟದ ಮ್ಯಾಲೆ ಹಾಡಿನ ಪ್ಲೇಟು ಏನಾರಾ ಐತಾ?' ಅಂತ ಕೇಳ್ತೀನಿ. ನೂರಕ್ಕೆ ತೊಂಬತ್ತು ಮನೇಲಿ ಇಲ್ಲ ಅಂತಾರೆ. ಇನ್ನು ಹತ್ತು ಮನೇಲಿ ಹಿರೀಕರು ಯಾರಾದ್ರೂ ಸ್ವಲ್ಪ ಸೂರು ನೋಡಿ, 'ಇದ್ದಂಗಿತ್ತು ಕಣಪ್ಪ' ಅಂತಾರೆ. ಆ 'ಇದ್ದಂಗಿತ್ತು' ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ನನ್ನೆದೆ ಡಬಡಬ ಅಂತದೆ. ಏಣಿ ಹಾಕಿ ಹತ್ತೋದೇನು, ಜೇಡರ ಬಲೆ ಮೂತಿಗೆ ಮೆತ್ಕಳೋದೇನು! ಗೋಣಿಚೀಲ ಸರಿಸಿದ್ರೆ ಇಲಿ ನೆಗೆದು ಓಡ್ತದೆ. ಟ್ರಂಕಿನ ಮುಚ್ಚಳ ಎತ್ತಿದ್ರೆ ಬೇಕಾದಷ್ಟು ಸಲ ಹಳೇ ಪಂಚಾಂಗ, ತುಕ್ಕು ಹಿಡಿದ ಈಳಿಗೆ ಮಣೆ. ಯಾವಾಗ್ಲೋ ಒಂದ್ಸಲ, ಕಂದು ಕಾಗದದ ಕವರ್ ಒಳಗೆ ಕರ್ರಗೆ, ತಣ್ಣಗೆ ಕೂತಿರ್ತದೆ ನೋಡಿ! ಕಿಟಕಿ ಬೆಳಕಿಗೆ ಹಿಡಿದ್ರೆ ಗೆರೆಗಳೆಲ್ಲ ಕೆರೆ ನೀರಿನಂಗೆ ಹೊಳೀತವೆ. ಲೇಬಲ್ಲು ಇಲಿ ತಿಂದಿರ್ತದೆ, ಒಳಗೆ ಯಾರವ್ರೋ ಗೊತ್ತಾಗಲ್ಲ. ಗುಬ್ಬಿ ಸದಾಶಿವಯ್ಯನೋರ ಮನೇಲಿ ಒಂದು ಪ್ಲೇಟು ಉಪ್ಪಿನಕಾಯಿ ಜಾಡಿ ಮುಚ್ಕಂಡು ಕೂತಿತ್ತು. ತಂದು ಒರೆಸಿ, ಗ್ರಾಮಫೋನಿಗೆ ಹಾಕಿ ಮುಳ್ಳು ಇಟ್ಟೆ. ಓಲಗ! ಮೂರು ದಿನ ನಮ್ಮನೆ ಮದುವೆ ಮನೆ ಆಗಿತ್ತು ಕಣಕ್ಕ. ನಮ್ಮೋಳು ಒಬ್ಬಟ್ಟೇ ಮಾಡಿಬಿಟ್ಲು."

ಕುಣಿಗಲ್‌ನ ಮಹಾಲಕ್ಷ್ಮಮ್ಮನ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅಂಜನಮೂರ್ತಿ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ಅವನ ಮುಂದೆ ಬಿಚ್ಚಿ ಹರವಿದ ಮಿಕ್ಸಿ. ಊರು ತುಮಕೂರು ಹತ್ತಿರದ ಗೂಳೂರು, ವಯಸ್ಸು ಐವತ್ತಾರು. ಮಿಕ್ಸಿ, ಕುಕ್ಕರ್, ಗ್ಯಾಸ್ ಸ್ಟೌ ಏನು ಕೆಟ್ಟರೂ ಟಿವಿಎಸ್ ಗಾಡಿಯಲ್ಲಿ ಮನೆಬಾಗಿಲಿಗೆ ಬಂದು ರಿಪೇರಿ ಮಾಡಿಕೊಡುತ್ತಾನೆ. ಗುಬ್ಬಿಯಿಂದ ಕುಣಿಗಲ್‌ವರೆಗೆ ಅವನು ಹತ್ತದ ಅಟ್ಟ ಕಡಿಮೆ. ತುಮಕೂರಿನ ಗುಜರಿ ಅಂಗಡಿಯವರು ಅವನ ಗಾಡಿ ಸದ್ದು ಕೇಳಿದರೆ, "ಇಲ್ಲ ಬುಡು ಮಾರಾಯ, ಇವತ್ತು ಏನೂ ಬಂದಿಲ್ಲ" ಅಂತ ಒಳಗಿಂದಲೇ ಕೂಗುತ್ತಾರೆ. ಇವನು ಆದರೂ ಇಳಿದು ಒಂದು ಸುತ್ತು ಹುಡುಕಿಯೇ ಹೋಗುತ್ತಾನೆ.

ಇಷ್ಟು ಹುಡುಕಾಟದ ಹಿಂದೆ ಒಂದು ತಪ್ಪು ಇತ್ತು.

ಗೂಳೂರಿನಲ್ಲಿ ಇವನ ಪಕ್ಕದ ಮನೆ ಸುಬ್ಬಲಕ್ಷ್ಮಮ್ಮನದು. ಆಕೆಗೆ ಈಗ ಎಂಬತ್ತನಾಲ್ಕು. ಆಕೆಯ ಮಾವನ ಕಾಲದ್ದು ಒಂದು ಕೀ ಕೊಡುವ ಗ್ರಾಮಫೋನು, ಜೊತೆಗೆ 'ರತ್ನಮಾಲೆ ಪರಿಣಯ' ಅನ್ನೋ ನಾಟಕದ ಮೂರು ಪ್ಲೇಟಿನ ಸೆಟ್ಟು. ಹನ್ನೊಂದು ವರ್ಷದ ಹಿಂದೆ ಆಕೆ ಅವನ್ನು ಇವನ ಕೈಗೆ ಕೊಟ್ಟು, "ಲೋ ಅಂಜ್ನಾ, ದೂಳು ತೆಗ್ದು ಕೊಡೋ" ಅಂದಿದ್ದಳು. ಮಿಕ್ಸಿಯ ಒಳಗಿನ ಜಿಡ್ಡು, ಸ್ವಿಚ್ಚಿನ ಕೊಳೆ ಎಲ್ಲವನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಅಭ್ಯಾಸವಾದವನು ಇವನು. ಮೊದಲನೇ ಪ್ಲೇಟಿಗೂ ಬಟ್ಟೆ ಅದ್ದಿ ಉಜ್ಜಿದ. ಬಟ್ಟೆಗೆ ಕಪ್ಪು ಬಂತು. ಎಷ್ಟು ಕೊಳೆ ಇದೆಯಪ್ಪ ಅಂತ ಇನ್ನೂ ಜೋರಾಗಿ ಉಜ್ಜಿದ. ಬರುತ್ತಿದ್ದದ್ದು ಕೊಳೆಯಲ್ಲ, ಪ್ಲೇಟೇ. ಆ ಕಾಲದ ಪ್ಲೇಟು ಅರಗಿನದು, ಸ್ಪಿರಿಟ್ ಬಿದ್ದರೆ ಕರಗಿಹೋಗುತ್ತದೆ. ಇವನಿಗೆ ಅದು ತಿಳಿಯುವ ಹೊತ್ತಿಗೆ ಹಾಡಿನ ಗೆರೆಗಳೆಲ್ಲ ಸಾರಿಸಿದ ನೆಲದಂತೆ ನುಣ್ಣಗಾಗಿದ್ದವು.

ಆಕೆ ಬೈಯಲಿಲ್ಲ. "ಹೋಗ್ಲಿ ಬುಡೋ, ಅದೊಂದು ಪ್ಲೇಟು ತಾನೆ" ಅಂದಳು. ಬೈದಿದ್ದರೆ ಇವನಿಗೆ ಅವತ್ತೇ ಮರೆತುಹೋಗುತ್ತಿತ್ತೋ ಏನೋ. ಬೈಯಲಿಲ್ಲವಲ್ಲ, ಅದು ಹಾಗೇ ಒಳಗೆ ಕೂತುಬಿಟ್ಟಿತು. ಇನ್ನೊಂದು ಮೊದಲನೇ ಪ್ಲೇಟು ತಂದುಕೊಟ್ಟೇ ತೀರಬೇಕು ಅಂತ ಅವತ್ತಿಂದ ಹೊರಟವನು ಹುಡುಕುತ್ತ ಹುಡುಕುತ್ತ ಹುಡುಕಾಟದ ರುಚಿ ಹತ್ತಿಸಿಕೊಂಡ. ನೂರಾರು ಪ್ಲೇಟು ಮನೆಗೆ ಬಂದವು. ಅದೊಂದು ಬರಲಿಲ್ಲ.

ಉಳಿದ ಎರಡು ಪ್ಲೇಟು ಹಾಕಿದಾಗೆಲ್ಲ ನಾಟಕ ನಡುವಿನಿಂದ ಶುರುವಾಗುತ್ತಿತ್ತು. ಮುಳ್ಳು ಇಟ್ಟ ಕೂಡಲೇ ರತ್ನಮಾಲೆ ಗೋಳೋ ಅಂತ ಅಳುತ್ತಾಳೆ.

"ಹನ್ನೊಂದು ವರ್ಷದಿಂದ ಅಳ್ತಾವ್ಳೆ, ಯಾಕಮ್ಮಾ ಅಂತ ಕೇಳೋರು ಒಬ್ರಿಲ್ಲ" ಅಂತ ಇವನ ಹೆಂಡತಿ ನರಸಮ್ಮ ಚುಚ್ಚುತ್ತಿದ್ದಳು.

ಯಾಕೆ ಅಳುತ್ತಾಳೆ ಅಂತ ಕೇಳಿದರೆ ಸುಬ್ಬಲಕ್ಷ್ಮಮ್ಮ ಕತೆ ಹೇಳುವಳು. ಒಂದು ಸಲ, ಮಲತಾಯಿ ಹೊಡೆದಳು ಅಂತ. ಇನ್ನೊಂದು ಸಲ, ಕಾಡಿನಲ್ಲಿ ದಾರಿ ತಪ್ಪಿತು ಅಂತ. ಒಂದು ಯುಗಾದಿಯಲ್ಲಂತೂ ಅವಳು ಸಾಕಿದ ನವಿಲು ಸತ್ತೇಹೋಯಿತು. ವಯಸ್ಸಾಯಿತು, ಪಾಪ, ಮರೆತಿದ್ದಾಳೆ ಅಂದುಕೊಂಡ ಅಂಜನಮೂರ್ತಿ. ಆ ಪ್ಲೇಟು ಸಿಕ್ಕರೆ ಎಲ್ಲ ನೆನಪಾಗುತ್ತದೆ, ಅದೂ ಬೇಗ ಸಿಗಬೇಕು ಅಂತ ಅವನಿಗೆ ಅವಸರ ಜಾಸ್ತಿಯಾಯಿತು.

ರತ್ನಮಾಲೆಯ ಮೊದಲನೇ ಪ್ಲೇಟು ಹುಡುಕುತ್ತಿದ್ದೇನೆ ಅಂತ ಅವನು ಹೇಳಿದ್ದನ್ನು ಕೇಳಿ ಮಹಾಲಕ್ಷ್ಮಮ್ಮ ಕಾಫಿ ಲೋಟ ಮುಂದಿಟ್ಟು, "ಅಲ್ಲ ಅಂಜನ್‌ಮೂರ್ತಣ್ಣ, ನಮ್ ಭಾವ ಶಿವರಾಮಯ್ಯ ಅಂತ ಅಮೃತೂರಲ್ಲಿ ಅವ್ರೆ. ಆಗಿನ ಕಾಲದಲ್ಲಿ ಮೈಕ್ ಸೆಟ್ ಇಟ್ಟಿದ್ರು. ಎರಡು ಟ್ರಂಕ್ ಪ್ಲೇಟೈತೆ. ರತ್ನಮಾಲೆನೂ ಇದ್ದಂಗಿತ್ತು" ಅಂದಳು.

ಆ ಮಿಕ್ಸಿಗೆ ಮುಚ್ಚಳ ಹಾಕಿದ ಅವಸರದಲ್ಲಿ ಒಂದು ಸ್ಕ್ರೂ ಹೊರಗೇ ಉಳಿಯಿತು. ಪುಣ್ಯಕ್ಕೆ ಮಿಕ್ಸಿ ತಿರುಗಿತು.

ಅಮೃತೂರಿನ ಶಿವರಾಮಯ್ಯನಿಗೆ ಎಪ್ಪತ್ತಾರು. ಟ್ರಂಕ್ ಮುಚ್ಚಳ ತೆರೆದು, ಒಂದೊಂದೇ ಪ್ಲೇಟನ್ನು ಕೂಸಿನ ತಲೆಗೆ ಕೈ ಕೊಟ್ಟ ಹಾಗೆ ಎತ್ತಿ ತೋರಿಸಿದ. ಪ್ರತಿಯೊಂದರ ಲೇಬಲ್ಲಿನ ಮೇಲೂ ಬಿಳಿ ಪೇಂಟಿನ ಚುಕ್ಕಿ. ಒಂದೇ ಬೀದಿಯ ಎರಡು ಮದುವೆಗೆ ಎರಡು ಮೈಕ್ ಸೆಟ್ ಬಂದರೆ ಪ್ಲೇಟುಗಳು ಕಲೆಸಿಹೋಗಬಾರದಲ್ಲ, ಅದಕ್ಕೆ ಒಬ್ಬೊಬ್ಬ ಮೈಕಿನವನದೂ ಒಂದೊಂದು ಗುರುತು. ಹದಿನೇಳನೆಯದೋ ಹದಿನೆಂಟನೆಯದೋ ಎತ್ತಿದಾಗ ಬಂತು: ರತ್ನಮಾಲೆ ಪರಿಣಯ, ಒಂದು. ಅದರ ಹಿಂದೆಯೇ ಎರಡು, ಮೂರು. ಅಂಜನಮೂರ್ತಿ ಮೊದಲನೆಯದರ ಮೇಲೆ ಕೈ ಇಟ್ಟ.

"ಯಜಮಾನ್ರೇ, ಇದೊಂದು ಕೊಡಿ. ಏನ್ ಕೇಳಿದ್ರೂ ಕೊಡ್ತೀನಿ."

"ಸೆಟ್ಟು ಒಡೀತಾರೇನಪ್ಪಾ? ಜೋಡೆತ್ನಲ್ಲಿ ಒಂದನ್ನ ಕೇಳ್ದಂಗಾಯ್ತು."

"ಹಂಗಾರೆ ಮೂರೂ ಕೊಡಿ."

"ಮೂರೂ ಕೊಡಲ್ಲ. ಹೋದ ತಿಂಗಳು ಬೆಂಗಳೂರಿಂದ ಹೋಟ್ಲೋರು ಬಂದಿದ್ರು. ಗೋಡೆಗೆ ಮೊಳೆ ಹೊಡ್ದು ನೇತಾಕ್ತಾರಂತೆ, ಚೆನ್ನಾಗಿ ಕಾಣ್ತದಂತೆ. ನೀನೂ ಹಂಗೇನಾ?"

ಅಂಜನಮೂರ್ತಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಯಾವ ಪ್ಲೇಟಿನವರ ಮುಂದೆಯೂ ಹೇಳಲು ನಾಚಿಕೆಪಟ್ಟಿದ್ದ ಸ್ಪಿರಿಟ್‌ನ ಕತೆಯನ್ನು ತಲೆ ಬಗ್ಗಿಸಿಕೊಂಡು ಹೇಳಿಬಿಟ್ಟ. ಕಪ್ಪು ಬಂತು, ಇನ್ನೂ ಜೋರಾಗಿ ಉಜ್ಜಿದೆ ಅನ್ನುವ ಜಾಗ ಬಂದಾಗ ಮುದುಕನಿಂದ ಒಂಥರಾ ಸದ್ದು ಕೇಳಿಸಿತು. ತಲೆ ಎತ್ತಿ ನೋಡಿದರೆ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾನೆ.

"ಎಷ್ಟು ಪ್ಲೇಟು ಕರಗಿಸ್ದೆ?"

"ಒಂದೇ."

"ನಾನು ಹನ್ನೆರಡು ಕಣಯ್ಯಾ! ಹುತ್ರಿದುರ್ಗದಲ್ಲಿ ಮದುವೆ, ಪ್ಲೇಟು ಲಕಲಕ ಅನ್ಲಿ ಅಂತ ಹಿಂದಿನ ದಿನ ಕೂತು ಒಂದೇ ಸಮ ಉಜ್ಜಿದೀನಿ. ಅವತ್ತು ಧಾರೆಗೆ ಹಾಡಿಲ್ಲ. ಹೆಣ್ಣಿನ ಸೋದರಮಾವ ಮೈಕ್ ಹಿಡ್ಕಂಡು ತಾನೇ ಹಾಡ್ದ. ಅಯ್ಯೋ, ಅವನ ಗಂಟ್ಲೇ!"

ಇಬ್ಬರೂ ಟ್ರಂಕ್ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಶಿವರಾಮಯ್ಯ ಹೇಳಿದ: "ಪ್ಲೇಟು ಕೊಡಲ್ಲ. ಆದ್ರೆ ನಮ್ಮ ಮೈಕಿನೋರದು ಒಂದು ಪದ್ಧತಿ ಐತೆ. ಪ್ಲೇಟು ಎಲ್ಲಿಗೆ ಹೋಗ್ತದೋ, ಪ್ಲೇಟಿನೋನೂ ಅಲ್ಲಿಗೆ ಹೋಗ್ಬೇಕು. ಭಾನುವಾರ ನಾನೇ ತರ್ತೀನಿ."

ಭಾನುವಾರ ಬೆಳಿಗ್ಗೆ ಗೂಳೂರಿನಲ್ಲಿ ಬಸ್ ನಿಂತಾಗ ಮೊದಲು ಇಳಿದದ್ದು ದುಪ್ಪಟಿ ಸುತ್ತಿದ ಗಂಟು, ಆಮೇಲೆ ಶಿವರಾಮಯ್ಯ. ಅಮೃತೂರಿಂದ ಇಲ್ಲೀವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲವಂತೆ. ಪಕ್ಕದ ಸೀಟಿನವಳು, "ಮಗೂಗೆ ಉಸಿರು ಕಟ್ತದೆ, ಮುಖ ತೆಗೀರಿ" ಅಂದಳಂತೆ.

ಸುಬ್ಬಲಕ್ಷ್ಮಮ್ಮನ ಜಗಲಿಯಲ್ಲಿ ಗ್ರಾಮಫೋನು ಇಟ್ಟರು. ಶಿವರಾಮಯ್ಯ ಕೀ ಕೊಟ್ಟು, ಹೊಸ ಮುಳ್ಳು ಸಿಕ್ಕಿಸಿ, ಮೊದಲನೇ ಪ್ಲೇಟು ಇಟ್ಟ. ಅಂಜನಮೂರ್ತಿ ಪ್ಲೇಟು ನೋಡಲಿಲ್ಲ, ಆಕೆಯ ಮುಖವನ್ನೇ ನೋಡುತ್ತ ಕಂಬಕ್ಕೆ ಒರಗಿ ನಿಂತ. ಗರಗರ ಸದ್ದಿನ ಒಳಗಿಂದ ಹಾರ್ಮೋನಿಯಂ ಬಂತು. ಗಣಪತಿಯ ಮೇಲೊಂದು ಪದ. ಆಮೇಲೆ ರತ್ನಮಾಲೆ ಬಂದಳು. ಅಳುತ್ತಿಲ್ಲ, ಕಿಲಕಿಲ ನಗುತ್ತಿದ್ದಾಳೆ. ಪ್ಲೇಟು ತಿರುವಿ ಹಾಕಿದರು. ತೋಟದಲ್ಲಿ ಒಬ್ಬ ಮಾಲಿ ಅವಳನ್ನು ಮಾತಾಡಿಸುತ್ತಾನೆ. ಇವಳು, ನಿನ್ನ ಮುಖಕ್ಕೆ ನಾನು ಬೇಕೇನೋ ಅಂತ ಬಾಯಿಗೆ ಬಂದಂತೆ ಬೈದು ಓಡಿಸುತ್ತಾಳೆ. ಅವನು ಹೋದ ಮೇಲೆ ಸಖಿ ಬಂದು ಹೇಳುತ್ತಾಳೆ: ಅಮ್ಮಣ್ಣಿ, ಅವರು ಮಾಲಿಯಲ್ಲ, ನಿಮ್ಮನ್ನು ಮದುವೆಯಾಗಲು ವೇಷ ಮರೆಸಿಕೊಂಡು ಬಂದಿದ್ದ ರಾಜಕುಮಾರರು!

ಪ್ಲೇಟು ಮುಗಿಯಿತು. ಸುಬ್ಬಲಕ್ಷ್ಮಮ್ಮ ತೊಡೆಗೆ ಪಟೀರನೆ ಹೊಡೆದುಕೊಂಡಳು.

"ಅಯ್ಯೋ ಇವಳ ಬಾಯಿಗೆ ಮಣ್ಣಾಕ! ತಾನೇ ಓಡಿಸಿ ತಾನೇ ಅಳ್ತಾಳಾ? ಇವಳಿಗೋಸ್ಕರ ನಾನು ಅರವತ್ತು ವರ್ಷ ಮರುಗಿದ್ನಲ್ಲೋ!"

"ನಿಮಗೆ ಮರ್ತೋಗಿತ್ತಲ್ವಾ ಅಮ್ಮೋರೇ" ಅಂದ ಅಂಜನಮೂರ್ತಿ.

"ಮರೆಯೋಕೆ ಕೇಳಿದ್ರೆ ತಾನೇನೋ! ನಮ್ ಮಾವ ಊಟಕ್ಕೆ ಕೂತ್ಕಂಡು ಪ್ಲೇಟು ಹಾಕಿಸೋರು. ಮೊದಲನೇದು ತಿರುಗೋವಾಗ ನಾನು ಒಲೆ ಮುಂದೆ ಮುದ್ದೆ ತಿರುವ್ತಿದ್ದೆ. ಬಡಿಸಿ, ಬಾಗ್ಲ ಹಿಂದೆ ಬಂದು ನಿಲ್ಲೋ ಹೊತ್ಗೆ ಇವಳು ಅಳೋಕೆ ಶುರು ಮಾಡಿರ್ತಿದ್ಲು. ಯಾಕೆ ಅಂತ ಮಾವನ್ನ ಕೇಳೋಕಾಯ್ತದಾ ಆಗ? ಮಾವ ಹೋದ್ಮೇಲೆ ಪೆಟ್ಟಿಗೆ ಅಟ್ಟ ಸೇರ್ತು, ನಿನ್ ಕೈಗೆ ಕೊಡೋಗಂಟ ಇಳೀಲೇ ಇಲ್ಲ. ನಾನೇ ಒಂದೊಂದು ಕಟ್ಕಂಡೆ."

ಆಕೆ ಒಂದು ಸಲವೂ ಕೇಳದಿದ್ದ ಪ್ಲೇಟನ್ನು ಹಾಳು ಮಾಡಿದೆನಲ್ಲ ಅಂತ ಅಂಜನಮೂರ್ತಿ ಹನ್ನೊಂದು ವರ್ಷ ಅಟ್ಟ ಹತ್ತಿದ್ದ. ಎದೆ ಮೇಲಿನ ಕಲ್ಲು ಇಳಿದದ್ದಕ್ಕೋ ಏನೋ ನಗು ಬಂತು, ನಿಲ್ಲಿಸಲು ಆಗಲಿಲ್ಲ.

"ಅಲ್ಲಾ, ಆ ನವಿಲು ಸತ್ತಿದ್ದು?" ಅಂತ ನರಸಮ್ಮ ಕೇಳಿದಳು.

"ನನ್ ಕತೇನೇ ಚೆನ್ನಾಗಿತ್ತು ಕಣೇ" ಅಂದಳು ಸುಬ್ಬಲಕ್ಷ್ಮಮ್ಮ. ಆಮೇಲೆ ಶಿವರಾಮಯ್ಯನ ಕಡೆ ತಿರುಗಿ, "ಆದ್ರೂ ಯಜಮಾನ್ರೇ, ಅವಳು ಬೈತಾಳಲ್ಲ, ಅದನ್ನ ಇನ್ನೊಂದು ಸಲ ಹಾಕಿ. ಎಷ್ಟು ಸೊಗಸಾಗಿ ಬೈತಾಳೆ!"

ಇನ್ನೊಂದು ಸಲ ಹಾಕಿದರು. ಮತ್ತೊಂದು ಸಲವೂ ಆಯಿತು. ನಾಲ್ಕನೇ ಸಲಕ್ಕೆ ಸುಬ್ಬಲಕ್ಷ್ಮಮ್ಮನೇ ರತ್ನಮಾಲೆಯ ಜೊತೆ ಸೇರಿ ಮಾಲಿಯನ್ನು ಬೈಯುತ್ತಿದ್ದಳು. ಅಷ್ಟರಲ್ಲಿ ಬೀದಿಯ ತುದಿಯಿಂದ "ನೀರು ಬಂತು, ನೀರು ಬಂತು" ಅಂತ ಯಾರೋ ಕೂಗಿದರು. ನರಸಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು. ಅಂಜನಮೂರ್ತಿ ಪೈಪು ಎಳೆದು ತಂದು ನಲ್ಲಿಗೆ ಸಿಕ್ಕಿಸಿ, ಮೊದಲು ಸುಬ್ಬಲಕ್ಷ್ಮಮ್ಮನ ಡ್ರಮ್ಮಿಗೆ ಬಿಟ್ಟ. ಅದು ತುಂಬಿದ ಮೇಲೆ ಎರಡು ಬಿಂದಿಗೆ, ಒಂದು ಬಕೆಟ್ ಹಿಡಿದು, ಪೈಪನ್ನು ತಮ್ಮ ಮನೆಯ ತೊಟ್ಟಿಯ ಕಡೆಗೆ ತಿರುಗಿಸಿದ.