ತೆಕ್ಲಾಳ ಕಿವಿ ಮತ್ತು ನೀಲಿ ಕಪ್ಪೆಗಳು

ಓಲ್ಶಾಂಕಾದ ಜನ ಯಾರನ್ನಾದರೂ ಹೊಗಳುವುದೇ ಅಪರೂಪ. ಹೊಗಳಿದರೂ ಬೆನ್ನಿಗೊಂದು ಕೊಂಕು ಅಂಟಿಸದೆ ಬಿಡುವವರಲ್ಲ. ಆದರೆ ತೆಕ್ಲಾಳ ಕಿವಿಯ ವಿಷಯಕ್ಕೆ ಬಂದರೆ ಎರಡು ಮಾತಿಲ್ಲ. ಮೂವತ್ತೊಂದು ವರ್ಷ ನಮ್ಮೂರ ರೈಲ್ವೆ ಗೇಟು ಕಾದ ಹೆಂಗಸು ಆಕೆ. ಅತ್ತ ನಾರೆವ್ ನದಿಯ ಸೇತುವೆ ಮೇಲೆ ಗಾಡಿ ಹತ್ತಿತೋ ಇಲ್ಲವೋ, ಇತ್ತ ತೆಕ್ಲಾ ಆಲೂಗಡ್ಡೆ ಹೆಚ್ಚುವ ಚಾಕು ಕೆಳಗಿಟ್ಟು, ಅದು ಪ್ಯಾಸೆಂಜರೋ ಗೂಡ್ಸೋ, ಡಬ್ಬಿ ತುಂಬಿದೆಯೋ ಖಾಲಿಯೋ ಹೇಳಿಬಿಡುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ.

ಆಮೇಲೆ ಆ ಮಾರ್ಗವೇ ನಿಂತುಹೋಯಿತು. ಗೇಟಿನ ಪಕ್ಕದ ಪುಟ್ಟ ಇಟ್ಟಿಗೆ ಮನೆ ತೆಕ್ಲಾಳಿಗೂ ಅವಳ ಗಂಡ ಕ್ಲೆಮೆನ್ಸ್‌ನಿಗೂ ಉಳಿಯಿತು. ಮನೆಯ ಹಿಂದೆ ಒಂದು ಕೊಳ. ಹಳಿಯ ದಿಬ್ಬಕ್ಕೆಂದು ಯಾವ ಕಾಲದಲ್ಲೋ ಮಣ್ಣು ತೆಗೆದ ಗುಂಡಿಯದು. ಈಗ ಸುತ್ತ ಆಲ್ಡರ್ ಮರ, ಜೊಂಡು. ಜತೆಗೆ ಉಳಿದದ್ದು ಗಾಡಿಗಳ ಲೆಕ್ಕ ಬರೆಯುವ, ಇನ್ನೂ ಖಾಲಿ ಹಾಳೆಗಳ ನಾಲ್ಕು ದಪ್ಪ ರಿಜಿಸ್ಟರು. ಸುಮ್ಮನೆ ಕೂರುವ ಜೀವವೇ ಅದು? ಗಾಡಿ ಬರದಿದ್ದರೆ ಏನಾಯಿತು, ಹಕ್ಕಿಗಳು ಬರುತ್ತವಲ್ಲ! ವಸಂತ ಬಂತೆಂದರೆ ತೆಕ್ಲಾ ದಿನಾ ಬೆಳಗಾಗುತ್ತಲೇ ಚಹಾದ ಮಗ್ಗು ಹಿಡಿದು ಕೊಳದ ದಂಡೆಯಲ್ಲಿ ನಿಲ್ಲುವಳು. ಸಮಯ, ದಿಕ್ಕು, ಷರಾ ಎಂದು ಅಚ್ಚಾದ ಕಾಲಮ್ಮುಗಳಲ್ಲಿ ಬರೆಯುವಳು: ‘೫-೧೦. ಹಳೇ ಸಿಗ್ನಲ್ ಕಂಬದ ಕಡೆಯಿಂದ. ಸಿಳ್ಳಾರ ಹಕ್ಕಿ. ನಾಲ್ಕು ದಿನ ತಡ.’ ಪಾಪ, ಆ ಹಕ್ಕಿ ತಡವಾದದ್ದಕ್ಕೆ ಯಾರಿಗೆ ವಿವರಣೆ ಕೊಡಬೇಕಿತ್ತೋ!

ಎಲ್ಲಕ್ಕಿಂತ ಹೆಚ್ಚಾಗಿ ಅವಳು ಕಾಯುತ್ತಿದ್ದದ್ದು ಕಪ್ಪೆಗಳಿಗೆ. ಏಪ್ರಿಲ್‌ನಲ್ಲಿ ಕೆಲವೇ ದಿನ ಆ ಕೊಳದ ಗಂಡು ಕಪ್ಪೆಗಳು ಕಂದು ಬಣ್ಣ ಬಿಟ್ಟು ನೀಲಿಯಾಗುತ್ತವೆ. ಅಂಥಿಂಥ ನೀಲಿಯಲ್ಲ, ಬಾಗಿಲಿಗೆ ಬಳಿಯುವ ಗಾಢ ನೀಲಿ. ದನಿ ಮಾತ್ರ ಬಲು ಮೆತ್ತಗೆ. ಖಾಲಿ ಬಾಟಲಿಯನ್ನು ನೀರಿಗೆ ಅದ್ದಿದರೆ ಗುಳುಗುಳು ಅನ್ನುತ್ತದಲ್ಲ, ಅಷ್ಟೇ. ಹತ್ತಿರ ಹೋಗಿ ಉಸಿರು ಬಿಗಿಹಿಡಿದು ನಿಂತರೆ ಕೇಳಿಸುತ್ತದೆ. ಅದು ಕೇಳಿಸಿದ ದಿನ ತೆಕ್ಲಾಳ ಪಾಲಿಗೆ ಚಳಿಗಾಲ ಮುಗಿದಂತೆ.

ಇನ್ನು ಚಳಿಗಾಲದ ಕಥೆ. ನಮ್ಮ ಕಡೆಯವರು ಕಾಡಿನ ತೋಳಕ್ಕೆ ಹೆದರುವವರಲ್ಲ, ಕಿಟಕಿ ಸಂದಿಯ ಗಾಳಿಗೆ ಹೆದರುತ್ತಾರೆ. ಸೊಂಟ ಹಿಡಿದರೆ ಆ ಗಾಳಿ, ಹಲ್ಲು ನೊಂದರೆ ಆ ಗಾಳಿ, ಮದುವೆ ಮುರಿದುಬಿದ್ದರೂ ಆ ಗಾಳಿಯೇ ಕಾರಣ. ಅದಕ್ಕೇ ತೆಕ್ಲಾ ನವೆಂಬರ್‌ನಿಂದ ಈಸ್ಟರ್‌ವರೆಗೆ ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುವವಳು. ಅವಳ ಅಮ್ಮ ಹಾಗೆ ಮಾಡುತ್ತಿದ್ದಳು, ಅಜ್ಜಿಯೂ ಹಾಗೆಯೇ. ಈಸ್ಟರ್ ಭಾನುವಾರ ಚರ್ಚಿನಿಂದ ಬಂದ ಮೇಲೆ ಹತ್ತಿ ತೆಗೆದು ಒಲೆಗೆ ಹಾಕುವುದು ಆ ಮನೆಯ ಪದ್ಧತಿ.

ಮಾರನೆಯ ದಿನ ಗಂಡಸರು ಹೆಂಗಸರ ಮೇಲೆ ನೀರೆರಚುವ ಸೋಮವಾರ. ಅಂದು ಮಧ್ಯಾಹ್ನದವರೆಗೆ ಮೈ ಒಣಗಿಕೊಂಡೇ ಇರುವ ಹೆಂಗಸೆಂದರೆ ಯಾರಿಗೂ ಬೇಡವಾದವಳು ಎಂದರ್ಥ. ಕ್ಲೆಮೆನ್ಸ್‌ಗೆ ಎಪ್ಪತ್ತೊಂದು, ಆದರೂ ಹೆಂಡತಿಗೆ ಅಂಥ ಅವಮಾನ ಆಗಗೊಟ್ಟವನಲ್ಲ. ಪ್ರತಿವರ್ಷ ಒಂದು ಲೋಟ ನೀರು ಚಿಮುಕಿಸುತ್ತಿದ್ದವನಿಗೆ ಈ ವರ್ಷ ಏನು ಹುರುಪು ಬಂತೋ, ಕೊಳದಿಂದ ಬಕೆಟ್ ತುಂಬಿ ತಂದು, ಬಾಗಿಲ ಮರೆಯಲ್ಲಿ ನಿಂತು, ಹೊರಬಂದ ತೆಕ್ಲಾಳ ತಲೆಯ ಮೇಲೆ ಬೋರಲು ಹಾಕಿದ.

“ಮುದಿ ಗೂಬೆ! ಕಿವಿ ಮೂಗೆಲ್ಲ ನೀರಾಯ್ತಲ್ಲೋ! ನಿಂಗೆ ಬುದ್ಧಿ ಬರೋದು ಯಾವಾಗ?”

“ಬುದ್ಧಿ ಬಂದಿದ್ರೆ ನಿನ್ನ ಕಟ್ಕೊಳ್ತಿದ್ನೇನೇ?” ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು.

ಮಂಗಳವಾರ ಬೆಳಿಗ್ಗೆ ತೆಕ್ಲಾ ದಂಡೆಗೆ ಹೋದಳು. ಕೊಳದ ತುಂಬ ನೀಲಿ ಕಪ್ಪೆಗಳು. ಕಪ್ಪೆಗಳ ಗಂಟಲು ಉಬ್ಬುತ್ತಿದೆ, ತಗ್ಗುತ್ತಿದೆ, ಸುತ್ತ ನೀರು ನಡುಗುತ್ತಿದೆ, ಆದರೆ ಸದ್ದಿಲ್ಲ. ತಲೆ ಎತ್ತಿದಳು. ಆಲ್ಡರ್ ತುದಿಯಲ್ಲಿ ಸಿಳ್ಳಾರ ಕುಳಿತಿತ್ತು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದೂ ಮೂಕ. ಕಬ್ಬಕ್ಕಿಗಳು ಮೂಕ. ಕೇಳಿಸಿದ್ದು ಒಂದೇ, ತಾನು ಚಹಾ ನುಂಗಿದ ಸದ್ದು, ಅದೂ ಬಾವಿಗೆ ಕಲ್ಲು ಬಿದ್ದಷ್ಟು ಜೋರಾಗಿ.

‘ಬಂತಪ್ಪಾ, ಅಮ್ಮನ ಕಿವುಡು ನನಗೂ ಬಂತು’ ಎಂದುಕೊಂಡಳು. ಉಳಿದ ಚಹಾವನ್ನು ಹುಲ್ಲಿಗೆ ಚೆಲ್ಲಿದಳು.

ಅವಳ ಅಮ್ಮ ಅಪೊಲೋನಿಯಾ ಕೊನೆಯ ಹನ್ನೊಂದು ವರ್ಷ ಇದೇ ಮನೆಯ ಒಲೆಯ ಪಕ್ಕ ಕುಳಿತು ಕಳೆದವಳು. ಯಾರು ಏನೆಂದರೂ ನಗುತ್ತ ತಲೆ ಆಡಿಸುತ್ತಿದ್ದಳು. ತನ್ನ ತಮ್ಮ ತೀರಿಕೊಂಡ ಸುದ್ದಿ ಹೇಳಿದಾಗಲೂ ಹಾಗೇ ನಗುತ್ತ ತಲೆ ಆಡಿಸಿದ್ದಳು. “ನಾನು ರೊಟ್ಟಿ ಅಗಿಯೋ ಸದ್ದು ಬಂಡೆ ಒಡೆದಂಗೆ ಕೇಳುತ್ತೆ, ನಿಮ್ಮ ಮಾತು ಮಾತ್ರ ಕೇಳಲ್ಲ” ಎನ್ನುತ್ತಿದ್ದಳು. ಮುದುಕಿಯ ಮಾತೆಂದು ಎಲ್ಲರೂ ನಗುತ್ತಿದ್ದರು. ವಸಂತದಲ್ಲಿ ತೆಕ್ಲಾ ಕಿಟಕಿ ತೆರೆದರೆ ಸಾಕು, “ಏನ್ ಕೂಗ್ತಿದೆ ಮಗಾ?” ಎಂದು ಅಮ್ಮ ಕೇಳುವಳು. ಮೊದಮೊದಲು ತೆಕ್ಲಾ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳುತ್ತಿದ್ದಳು. ಆಮೇಲಾಮೇಲೆ ಗೇಟಿನ ಕೆಲಸ, ದಣಿವು, ಬೇಸರ. “ಏನಿಲ್ಲಮ್ಮ” ಎಂದುಬಿಡುತ್ತಿದ್ದಳು.

ಯಾರಿಗೂ ಹೇಳಬಾರದೆಂದು ತೆಕ್ಲಾ ನಿಶ್ಚಯಿಸಿದಳು. ಹೇಳಿದ ದಿನವೇ ತನ್ನನ್ನು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿಬಿಡುತ್ತಾರೆ ಎಂಬ ಭಯ. ಕದ್ದು ಕರ್ಪೂರದ ಎಣ್ಣೆ ಬಿಸಿ ಮಾಡಿ ಕಿವಿಗೆ ಬಿಟ್ಟುಕೊಂಡಳು. ಇದ್ದಬದ್ದ ಸದ್ದೂ ಕಂಬಳಿಯೊಳಗೆ ಹೊಕ್ಕಂತಾಯಿತು. ರಿಜಿಸ್ಟರಿನಲ್ಲಿ ಮಂಗಳವಾರದ ಸಾಲು ಖಾಲಿ, ಬುಧವಾರದ್ದೂ ಖಾಲಿ. ಗುರುವಾರ ರಿಜಿಸ್ಟರನ್ನು ಬೀರುವಿನ ತಳಕ್ಕೆ ತಳ್ಳಿ, ಮೇಲೆ ಹಾಸಿಗೆ ಬಟ್ಟೆ ಪೇರಿಸಿಬಿಟ್ಟಳು.

ಇತ್ತ ಕ್ಲೆಮೆನ್ಸ್‌ನ ಪಾಡು ಬೇರೆ. ಹಿಂದಿನಿಂದ ಕರೆದರೆ ಹೆಂಡತಿ ತಿರುಗಿ ನೋಡುವುದಿಲ್ಲ. ಉಪ್ಪು ಕೇಳಿದರೆ ಕೊಡುವುದಿಲ್ಲ. ಬಕೆಟ್ಟಿನ ಕೋಪವೇ ಇದು, ಸಂಶಯವಿಲ್ಲ, ಎಂದು ಅವನು ತೀರ್ಮಾನಿಸಿದ. ನಲವತ್ತಮೂರು ವರ್ಷದ ಸಂಸಾರದಲ್ಲಿ ತೆಕ್ಲಾ ಇಷ್ಟು ದಿನ ಮಾತು ಬಿಟ್ಟವಳಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು, ಅದೂ ಇಲ್ಲ! ಹೇಳಿಸಿಕೊಳ್ಳದೆಯೇ ಸೌದೆ ಒಡೆದ. ಕೆಸರು ಬೂಟನ್ನು ಮದುವೆಯಾದ ಮೇಲೆ ಮೊದಲ ಸಲ ಹೊರಗೇ ಬಿಟ್ಟು ಬಂದ. ಶನಿವಾರ ಆಲೂಗಡ್ಡೆ ತುರಿದು ತಾನೇ ದೋಸೆ ಹೊಯ್ಯಲು ಹೋಗಿ ಹೊಗೆ ಎಬ್ಬಿಸಿದ. ತೆಕ್ಲಾ ಸುಟ್ಟ ದೋಸೆಯನ್ನು ತಟ್ಟೆ ನೋಡುತ್ತ ತಿಂದಳು. ಅವಳ ಕಣ್ಣಲ್ಲಿ ನೀರಿತ್ತು. ಕ್ಲೆಮೆನ್ಸ್ ಗಾಬರಿಯಾದ.

ವಾರ ತುಂಬಿದ ಸೋಮವಾರ ಬೆಳಿಗ್ಗೆ ತೆಕ್ಲಾ ದಂಡೆಯಲ್ಲಿ ಸುಮ್ಮನೆ ನಿಂತಿದ್ದಳು. ಕೊಳದ ನೀರಲ್ಲಿ ತನ್ನ ಬಿಂಬದ ಹಿಂದೆ ಗಂಡನ ಬಿಂಬ ಕಂಡಿತು. ಟೋಪಿ ಕೈಯಲ್ಲಿತ್ತು, ಬಾಯಿ ಆಡುತ್ತಿತ್ತು, ಆಡುತ್ತಲೇ ಇತ್ತು. ಅವಳು ತಿರುಗಿದಳು.

“ಏನಂದೆ?”

ಕ್ಲೆಮೆನ್ಸ್‌ನ ಮುಖ ಕೆಂಪಾಯಿತು. “ಏನಂದೆ ಅಂತೀಯಲ್ಲೇ! ಇಷ್ಟೊತ್ತು ಕ್ಷಮೆ ಕೇಳಿದ್ನಲ್ಲ! ಇನ್ಮೇಲೆ ಬಕೆಟ್ ಮುಟ್ಟಲ್ಲ ಅಂತ ನಮ್ಮಪ್ಪನ ಮೇಲೆ ಆಣೆ ಇಟ್ನಲ್ಲ!” ಎಂದು ಕೂಗಿಬಿಟ್ಟ. ಆ ಕೂಗು ಅವಳಿಗೆ ಗೋಡೆಯಾಚೆಯ ಮಾತಿನಂತೆ ಕೇಳಿಸಿತು.

ಇನ್ನು ಮುಚ್ಚಿಡುವುದು ಅವಳಿಂದಾಗಲಿಲ್ಲ. “ನಂಗೆ ಕಿವಿ ಕೇಳ್ತಿಲ್ಲ ಕಣೋ. ಅಮ್ಮನ ಥರಾನೇ ಆಗ್ಹೋದೆ. ಕಪ್ಪೆ ಕೂಗೋದೂ ಕೇಳ್ತಿಲ್ಲ” ಎಂದು ಗೊಳೋ ಎಂದು ಅತ್ತಳು.

ಕ್ಲೆಮೆನ್ಸ್ ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿ ಕೂಗಿದ. “ಅಯ್ಯೋ ದೇವ್ರೇ, ಅಷ್ಟೇನಾ! ನೀನು ನನ್ನ ಬಿಟ್ಟು ನಿಮ್ಮಕ್ಕನ ಮನೆಗೆ ಹೊರಟೆ ಅಂತ ನಾನು ಅಂದ್ಕೊಂಡಿದ್ದೆ!”

“ಅಷ್ಟೇನಾ ಅಂತೀಯಾ? ಕಿವಿ ಹೋದ್ರೆ ಅಷ್ಟೇನಾ?”

“ಟ್ರ್ಯಾಕ್ಟರು ಹತ್ತು, ಹೋಗಿ ತೋರಿಸ್ಕೊಂಡು ಬರೋಣ” ಎಂದು ಅವನು ಅವಳ ಮುಖದೆದುರು ಕೈ ಬೀಸಿ ಬೀಸಿ ಹೇಳಿದ.

ಪಕ್ಕದೂರಿನ ಆಸ್ಪತ್ರೆ ಎಂದರೆ ಎರಡು ಕೋಣೆ, ಒಬ್ಬ ನರ್ಸ್. ಹೆಸರು ಮಾಲ್ವಿನಾ. ಅರ್ಧ ಸೀಮೆಯೇ ಅವಳ ಸೂಜಿ ಚುಚ್ಚಿಸಿಕೊಂಡಿದೆ, ಮುಲಾಜಿಲ್ಲದ ಬಾಯಿ. ತೆಕ್ಲಾಳ ಎಡಗಿವಿಗೆ ಟಾರ್ಚ್ ಬಿಟ್ಟು ನೋಡಿದಳು. ಬಲಗಿವಿ ನೋಡಿದಳು. ಮತ್ತೆ ಎಡಗಿವಿ ನೋಡಿದಳು. ತೆಕ್ಲಾ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಳು.

“ತೆಕ್ಲಾ ಅತ್ತೆ,” ಮಾಲ್ವಿನಾ ಗಟ್ಟಿಯಾಗಿ ಕೂಗಿದಳು, “ಎಷ್ಟು ಚಳಿಗಾಲದ ಹತ್ತಿ ಇಟ್ಕೊಂಡಿದೀರಿ ಒಳಗೆ? ಒಂದು ದಿಂಬು ಮಾಡಬಹುದು!”

ಬೆಚ್ಚನೆ ನೀರು, ದೊಡ್ಡ ಪಿಚಕಾರಿ, ಕಿವಿಯ ಕೆಳಗೆ ತಗಡಿನ ತಟ್ಟೆ. ಎರಡು ಸಲ, ಮೂರು ಸಲ. ತಟ್ಟೆಗೆ ಏನೋ ಟಪ್ಪೆಂದು ಬಿತ್ತು. ಆ ಟಪ್ಪೆಂಬ ಸದ್ದು ತೆಕ್ಲಾಳಿಗೆ ಕೇಳಿಸಿತು! ಗೋಡೆ ಗಡಿಯಾರ ಕೇಳಿಸಿತು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಬಾಗಿಲ ಹತ್ತಿರ ಯಾರೋ ಎತ್ತಿನಂತೆ ಬುಸುಗುಟ್ಟುವುದು ಕೇಳಿಸಿತು.

“ಏ ಕ್ಲೆಮೆನ್ಸ್, ಇಷ್ಟು ಜೋರಾಗಿ ಉಸಿರಾಡ್ತೀಯೇನೋ ನೀನು?”

ಕ್ಲೆಮೆನ್ಸ್ ಟೋಪಿಯಲ್ಲಿ ಮುಖ ಒರೆಸಿಕೊಂಡ. ಮಾಲ್ವಿನಾ ಇನ್ನೊಂದು ಕಿವಿಯನ್ನೂ ತೊಳೆದಳು. ಹತ್ತಿ ತುರುಕಿ ತುರುಕಿ ಉಳಿದ ಎಳೆಯೂ ಕಿವಿಯ ಗುಗ್ಗೆಯೂ ಒಳಗೆ ಗಟ್ಟಿಯಾಗಿ ಕೂತಿತ್ತು, ಬಕೆಟ್ಟಿನ ನೀರು ಬಿದ್ದು ಉಬ್ಬಿ ದಾರಿ ಮುಚ್ಚಿತ್ತು ಎಂದು ವಿವರಿಸಿದಳು. “ಹಾಗೆ ಮುಚ್ಕೊಂಡ್ರೆ ಹೊರಗಿನ ಮಾತು ಕೇಳಲ್ಲ ಅತ್ತೆ, ನೀವು ನುಂಗೋದು ಅಗಿಯೋದು ಮಾತ್ರ ತಲೆ ಒಳಗೆ ಢಣಢಣ ಅನ್ನುತ್ತೆ. ಆಗಿತ್ತೋ ಇಲ್ವೋ?”

ತೆಕ್ಲಾ ನಗುವುದನ್ನು ಬಿಟ್ಟು ಕೇಳಿದಳು. “ನಮ್ಮಮ್ಮನೂ ಹಾಗೇ ಅಂತಿದ್ಲು. ರೊಟ್ಟಿ ಅಗಿದ್ರೆ ಬಂಡೆ ಒಡೆದಂಗೆ ಅಂತ. ಅವಳಿಗೂ ಇದೇ ಆಗಿತ್ತಾ?”

“ಯಾರಾದ್ರೂ ಕಿವಿ ಒಳಗೆ ನೋಡಿದ್ರಾ?”

“ಇಲ್ಲ. ವಯಸ್ಸಾಯ್ತು ಅಂದ್ಕೊಂಡ್ವಿ.”

ಮಾಲ್ವಿನಾ ತಟ್ಟೆ ತೊಳೆಯುತ್ತ, “ನೋಡದೆ ನಾನು ಹೇಗೆ ಹೇಳ್ಲಿ ಅತ್ತೆ” ಎಂದಳು.

ದಾರಿಯುದ್ದಕ್ಕೂ ಟ್ರ್ಯಾಕ್ಟರಿನ ಅಬ್ಬರ. ಅದರ ನಡುವೆಯೂ ಹೊಲದ ಮೇಲೆ ಬಾನಾಡಿ ಹಾಡುವುದು ತೆಕ್ಲಾಳಿಗೆ ಕೇಳಿಸಿತು. ಕ್ಲೆಮೆನ್ಸ್ ಎರಡು ಕಡೆ ತಾನಾಗಿಯೇ ಎಂಜಿನ್ ನಿಲ್ಲಿಸಿ, “ಇದು ಕೇಳ್ತಾ? ಅದು ಕೇಳ್ತಾ?” ಎಂದ. ಅವಳು ಹೂಂ ಹೂಂ ಎಂದಳು. ಹಗುರವಾಗಿದ್ದಳು, ಎದ್ದು ಕುಣಿಯುವಷ್ಟು ಹಗುರ. ಆದರೂ ‘ನೋಡದೆ ಹೇಗೆ ಹೇಳ್ಲಿ’ ಎಂಬ ಮಾತು ಬೆನ್ನು ಬಿಟ್ಟಿರಲಿಲ್ಲ.

ಮನೆಗೆ ಬಂದವಳೇ ಮೇಲಂಗಿಯನ್ನೂ ಬಿಚ್ಚದೆ ಕೊಳಕ್ಕೆ ಓಡಿದಳು. ಒಂದು ವಾರದಲ್ಲಿ ಕೊಳ ಬದಲಾಗಿತ್ತು. ದಂಡೆಯುದ್ದಕ್ಕೂ ಮೊಟ್ಟೆಯ ಲೋಳೆ, ಬಹಳಷ್ಟು ಕಪ್ಪೆಗಳು ಮತ್ತೆ ಕಂದಾಗಿ ಹುಲ್ಲಿಗೆ ಹೋಗಿಯಾಗಿತ್ತು. ಕಳೆದೇಹೋಯಿತೇ? ಜೊಂಡಿನ ಬುಡದಲ್ಲಿ ನಾಲ್ಕೈದು ಮೊಂಡರು ಮಾತ್ರ ಇನ್ನೂ ನೀಲಿಯಾಗಿಯೇ ಉಳಿದಿದ್ದರು. ತೆಕ್ಲಾ ಮಂಡಿಯೂರಿ ಉಸಿರು ಬಿಗಿಹಿಡಿದಳು. ಗುಳುಗುಳು. ಮತ್ತೆ ಗುಳುಗುಳು. ಇದ್ದವು, ಕೂಗುತ್ತಿದ್ದವು.

ಹಿಂದಿನಿಂದ ಕ್ಲೆಮೆನ್ಸ್ ಬಂದ. ಬೀರು ಕೆದಕಿ ರಿಜಿಸ್ಟರು ತಂದಿದ್ದ, ಪೆನ್ಸಿಲನ್ನೂ. ಹಾಸಿಗೆ ಬಟ್ಟೆಯನ್ನೆಲ್ಲ ನೆಲಕ್ಕೆ ಕೆಡವಿ ಬಂದಿರುತ್ತಾನೆ, ಅದು ಬೇರೆ ಮಾತು. ನಲವತ್ತಮೂರು ವರ್ಷದಲ್ಲಿ ಹಕ್ಕಿ ಕಪ್ಪೆಯ ಬಗ್ಗೆ ಒಂದು ಪ್ರಶ್ನೆ ಕೇಳದವನು ಅಂದು ಮೆಲ್ಲಗೆ ಕೇಳಿದ.

“ಏನ್ ಕೂಗ್ತಿದೆ?”

ತೆಕ್ಲಾ ಬೆಚ್ಚಿ ತಿರುಗಿದಳು. ಅವನ ಹಿಂದೆ ಮನೆಯ ಕಿಟಕಿ ತೆರೆದಿತ್ತು. ಒಳಗೆ ಒಲೆಯ ಪಕ್ಕ ಅಮ್ಮನ ಖಾಲಿ ಕುರ್ಚಿ ಕಾಣುತ್ತಿತ್ತು. ಅವಳು ಅತ್ತ ಮುಖ ಮಾಡಿ, ಕೂಗುವ ಕಪ್ಪೆಗಳು ಹೆದರಿ ಮುಳುಗಿದರೂ ಮುಳುಗಲಿ ಎಂದು, ಕೊರಳೆತ್ತಿ ಕೂಗಿದಳು.

“ಕಪ್ಪೆ ಕಣಮ್ಮಾ! ಕಪ್ಪೆ ಕೂಗ್ತಿದಾವೆ! ಆಲ್ಡರ್ ಮೇಲೆ ಸಿಳ್ಳಾರ ಇದೆ, ಕಬ್ಬಕ್ಕಿ ಇದೆ, ಎಲ್ಲಾ ಕೂಗ್ತಿದಾವಮ್ಮಾ!”