ಅಪ್ಪಣೆಗೆ ಕಾಯುವ ಹೆಡ್‌ಮಾಸ್ಟರು

ಕ್ಷೇಮವೇ ಎಂದು ಕೇಳಿದರೆ ನಮ್ಮ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು, ‘ಮೇಲಿನವರ ಅಪ್ಪಣೆ ಬಂದ್ರೆ ಕ್ಷೇಮ’ ಎನ್ನುತ್ತಾರೆ. ಒಡೆದ ಕಿಟಕಿಗೆ ಗಾಜು ಹಾಕಿಸಲೂ ಇಲಾಖೆ ಒಪ್ಪಬೇಕು. ಅದು ಒಪ್ಪುವಷ್ಟರಲ್ಲಿ ಗಾಜು ಒಡೆದವನ ಮಗ ಅದೇ ಶಾಲೆಗೆ ಸೇರಿರುತ್ತಾನೆ. ಕ್ಷೌರದಂಗಡಿಯಲ್ಲಿ ಗಲ್ಲದ ಮೇಲೆ ಕತ್ತಿ ಆಡುತ್ತಿದ್ದರೂ ಅವರ ಭಾಷಣ ನಿಲ್ಲದು: ‘ಶಾಲೆ ನಡೆಸೋದನ್ನ ಶಾಲೆಗೆ ಬಿಡಿ, ಶಾಲೆ ಆರಿಸೋದನ್ನ ಹೆತ್ತವರಿಗೆ ಬಿಡಿ. ಮಕ್ಕಳು ಬಿಟ್ಟುಹೋದ್ರೆ ತಾನೇ ನಮಗೂ ಬುದ್ಧಿ ಬರೋದು!’ ಈ ವರ್ಷ ಅವರ ಮಗಳು ಆ ಮಾತನ್ನೇ ನಂಬಿ ತನ್ನ ಮಗಳನ್ನು ಪಕ್ಕದ ಬೀದಿಯ ಶಾಲೆಯ ಒಂದನೇ ತರಗತಿಗೆ ಸೇರಿಸಿದಳು. ತಾತ ದಿನಾ ಮೊಮ್ಮಗಳನ್ನು ಅಲ್ಲಿ ಬಿಟ್ಟು, ಕಾಂಪೌಂಡಿನಾಚೆ ಇಣುಕಿ, ಕಂಡ ಒಳ್ಳೆಯದನ್ನೆಲ್ಲ ಯಾರ ಅಪ್ಪಣೆಯೂ ಇಲ್ಲದೆ ತಮ್ಮ ಶಾಲೆಯಲ್ಲಿ ಶುರುಮಾಡುತ್ತಾರೆ. ಒಂದನೇ ತರಗತಿಯ ಮುಂದಿನ ಬೆಂಚಿನಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದಾರೆ. ಕೇಳಿದರೆ, ‘ಆರಿಸೋಕೆ ಮೊಮ್ಮಗಳಿಗೂ ಎರಡು ಶಾಲೆ ಇರ್ಬೇಕಲ್ಲ!’ ಎನ್ನುತ್ತಾರೆ.