ವಿಭೂತಿಯಡಿಯ ಎರಡು ಶಬ್ದ

ಕೊರೊನಾ ಕಳೆದ ಮರುವರ್ಷದ ಚಳಿಗಾಲ. ರಾಮದುರ್ಗದಲ್ಲಿ ಫ್ರಿಜ್, ಎ.ಸಿ. ರಿಪೇರಿಯ ನನ್ನ ಅಂಗಡಿಗೆ ಆಗಲೇ ಇಪ್ಪತ್ತಾರು ವರ್ಷ. ಒಂದು ದಿನ ಕಟಕೋಳದ ಕಾಳಿನ ವ್ಯಾಪಾರಿ ಬಸವಂತಪ್ಪನವರು ಬಂದು ಕುಳಿತರು. ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಗಿರಿಜಾಳಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಗಿ, ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು.

“ಮುಂದಿನ ವಾರ ಮನಿಗೆ ಕಳಸ್ತಾರಂತ್ರಿ. ಖೋಲಿ ಬೆಚ್ಚಗಿರಬೇಕು, ಅಗ್ಗಿಷ್ಟಿಗಿ ಹೊಗಿ ಮಾತ್ರ ಬ್ಯಾಡ ಅಂದಾರ ಡಾಕ್ಟರ್. ಎ.ಸಿ.ಯೊಳಗ ಬಿಸಿ ಗಾಳಿ ಬರೂದು ಐತೇನ್ರಿ ಮಿಸ್ತ್ರಿ?”

“ಐತ್ರಿ. ಹೀಟ್ ಪಂಪ್ ಅಂತಾರ.”

ಮಾಮೂಲಿ ಸ್ಪ್ಲಿಟ್ ಎ.ಸಿ. ಬಲ್ಲದ್ದು ಒಂದೇ ದಾರಿ: ಕೋಣೆಯ ಶಾಖವನ್ನು ಗ್ಯಾಸ್ ಹೊತ್ತೊಯ್ದು ಹೊರಗೆ ಚೆಲ್ಲುತ್ತದೆ. ಹೀಟ್ ಪಂಪ್ ನೋಡಲು ಅದರ ಅವಳಿ. ಗೋಡೆಗೊಂದು, ಹೊರಗೊಂದು ಯೂನಿಟ್, ನಡುವೆ ತಾಮ್ರದ ಕೊಳವೆ. ಆದರೆ ಹೊರಗಿನ ಯೂನಿಟ್ಟಿನೊಳಗೆ ರಿವರ್ಸಿಂಗ್ ವಾಲ್ವ್ ಎಂಬ ಬೆರಳುದ್ದದ ಹಿತ್ತಾಳೆಯ ಭಾಗವಿರುತ್ತದೆ. ಅದು ಹೊರಳಿದರೆ ಗ್ಯಾಸ್ ಹರಿಯುವ ದಿಕ್ಕೇ ತಿರುಗಿ, ಹೊರಗಿನ ಥಂಡಿಯಲ್ಲೂ ಉಳಿದಿರುವ ಶಾಖವನ್ನು ಹೀರಿ ಒಳಗೆ ತರುತ್ತದೆ.

ಪರವೂರಿನ ಅಂಗಡಿಗೆ ಹೇಳಿ ಯಂತ್ರ ತರಿಸಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೂಡಿಸಿದೆ. ನಮ್ಮ ಕಡೆ ಪೂಜೆಯಿಲ್ಲದೆ ಹೊಸ ಯಂತ್ರ ಚಾಲೂ ಆಗುವುದಿಲ್ಲ. ಹೊರಗಿನ ಯೂನಿಟ್ಟಿಗೆ ವಿಭೂತಿ ಎಲ್ಲಿ ಬಳಿಯಲಿ ಎಂದು ಬಸವಂತಪ್ಪನವರು ಕೇಳಿದಾಗ, “ಈ ಕಂಪನಿ ಚೀಟಿ ಮ್ಯಾಲೆ ಹಚ್ರಿ, ಸಪಾಟ ಐತಿ” ಎಂದವನು ನಾನೇ. ಕಾಯಿ ಒಡೆದ ಮೇಲೆ ತಣ್ಣನೆಯ ಗಾಳಿ ಹಚ್ಚಿದೆ. ಎಲ್ಲರೂ ಒಳಗಿನ ಯೂನಿಟ್ಟಿನ ಕೆಳಗೆ ಮುಖವೊಡ್ಡಿ ನಿಂತರು.

“ನಮ್ಮ ಮನಿ ಮಹಾಬಳೇಶ್ವರ ಆತು ನೋಡ್ರಿ!” ಎಂದು ಬಸವಂತಪ್ಪನವರು ನಕ್ಕರು.

ಆ ನಗೆಯಲ್ಲಿ ನಾನೂ ಸೇರಿದೆ. ಬಿಸಿ ಗಾಳಿ ಹಚ್ಚಿ ನೋಡಲಿಲ್ಲ. ರಿಮೋಟಿನಲ್ಲಿ ಸೂರ್ಯನ ಚಿತ್ರವಿತ್ತು, ಅಷ್ಟು ಸಾಕೆನಿಸಿತು.

ಮರುದಿನ ಸಂಜೆ ಐದಕ್ಕೆ ಕೂಸು ಮನೆಗೆ ಬಂತು. ಆರಕ್ಕೆ ಬಸವಂತಪ್ಪನವರ ಫೋನ್. ನಾನು ಸುರೇಬಾನದಲ್ಲಿ ಹಾಲಿನ ಕೂಲರ್ ಬಿಚ್ಚಿ ಕುಳಿತಿದ್ದೆ.

“ಮಿಸ್ತ್ರಿ, ಸೂರ್ಯಾನ ಗುಂಡಿ ಒತ್ತೀವಿ. ಗಾಳಿ ತಣ್ಣಗ ಬರಾಕತ್ತೈತಿ.”

“ಬಿಸಿ ಆಗಾಕ ಹೊತ್ತು ಬೇಕ್ರಿ. ಬಂದ್ ಮಾಡಬ್ಯಾಡ್ರಿ, ತಡೀರಿ.”

ಹೀಟ್ ಪಂಪ್ ಆದರೆ, ಒಳಗಿನ ತಾಮ್ರದ ಸುರುಳಿ ಬಿಸಿಯಾಗುವವರೆಗೆ ಫ್ಯಾನನ್ನೇ ತಡೆದು ಹಿಡಿಯುತ್ತದೆ. ಗಾಳಿ ತಣ್ಣಗೆ ಬೀಸುತ್ತಿದೆ ಎಂದ ಕೂಡಲೇ ಏನೋ ತಪ್ಪಿದೆಯೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಾನು ಕಟಕೋಳ ಮುಟ್ಟಿದ್ದು ಎಂಟಕ್ಕೆ. ಕೋಣೆಯಲ್ಲಿ ಗಾಳಿ ಬೀಸುತ್ತಲೇ ಇತ್ತು. ಗಿರಿಜಾ ಕೂಸನ್ನು ಬರಿಮೈಗೆ ಅವಚಿಕೊಂಡು, ಕೌದಿ ಹೊದ್ದು ಮೂಲೆಯಲ್ಲಿ ಕುಳಿತಿದ್ದಳು. ಕೌದಿಯಿಂದ ಹೊರಗೆ ಕಾಣುತ್ತಿದ್ದ ಪಾದ ನನ್ನ ಹೆಬ್ಬೆರಳಿನಷ್ಟಿತ್ತು. ನೀಲಿಗಟ್ಟಿತ್ತು.

ಜೀಪೊಂದು ತಾಯಿ-ಕೂಸನ್ನು ಮತ್ತೆ ಆಸ್ಪತ್ರೆಗೆ ಒಯ್ದಿತು. ನಾನು ಹಿತ್ತಲಿಗೆ ಹೋಗಿ ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಚೀಟಿಯ ಮೇಲಿನ ವಿಭೂತಿ ಒರೆಸಿದೆ. ತಂಪಿಗೆ ಮಾತ್ರ ಎಂಬ ಅರ್ಥದ ಎರಡು ಇಂಗ್ಲಿಷ್ ಶಬ್ದ. ಮುಚ್ಚಳ ಬಿಚ್ಚಿದರೆ ವಾಲ್ವ್ ಇರಬೇಕಾದಲ್ಲಿ ಬರೀ ಬಾಗಿದ ತಾಮ್ರದ ಕೊಳವೆ. ಅಂಗಡಿಯವರು ಕಳಿಸಿದ್ದು ಬೇರೆ ಯಂತ್ರ. ರಿಮೋಟ್ ಮಾತ್ರ ಎರಡಕ್ಕೂ ಒಂದೇ.

ಹನ್ನೊಂದು ದಿನಕ್ಕೆ ಕೂಸು ಉಳಿದು ಬಂತು. ಅಷ್ಟರಲ್ಲಿ ಸರಿಯಾದ ಯಂತ್ರ ಕೂಡಿಸಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ಗಿರಿಜಾ ಮಾತ್ರ, ಚಹಾ ಕೊಡುತ್ತ, ಮೆಲ್ಲಗೆ ಹೇಳಿದಳು:

“ಬಂದ್ ಮಾಡಬೇಕಂತ ನಾಕ್ ಸಲ ಎದ್ದೆ ಕಾಕಾ. ನೀವು ಬ್ಯಾಡ ಅಂದಿದ್ರಿ.”

ಆ ಕೂಸು ಈಗ ಅಂಗನವಾಡಿಗೆ ಹೋಗುವ ಹುಡುಗಿ, ನನ್ನ ಕಂಡರೆ ಓಡಿ ಬರುತ್ತಾಳೆ. ನನ್ನ ಕಣ್ಣು ಮೊದಲು ಹೋಗುವುದು ಅವಳ ಪಾದಕ್ಕೆ. ಈಗ ಚೀಟಿ ಓದದೆ ವಿಭೂತಿ ಹಚ್ಚಗೊಡುವುದಿಲ್ಲ. ಹೀಟ್ ಪಂಪ್ ಕೂಡಿಸಿದರೆ ಏಪ್ರಿಲ್‌ನ ಬಿಸಿಲಿನಲ್ಲೂ ಬಿಸಿ ಗಾಳಿ ಹಚ್ಚಿ ಅಂಗೈ ಒಡ್ಡುತ್ತೇನೆ, ಮನೆಯವರು ನಗುತ್ತಾರೆ. ನಗಲಿ. ಯಂತ್ರವನ್ನು ಕೈಯಿಂದ ಮುಟ್ಟದೆ, ಫೋನಿನಲ್ಲಿ ಯಾರಿಗೂ ‘ತಡೀರಿ’ ಎನ್ನುವುದಿಲ್ಲ. ನಮ್ಮ ಮಾತು ನಂಬಿ ಜನ ನಿಜಕ್ಕೂ ತಡೆಯುತ್ತಾರೆ.